ಬಾಲ್ಕನಿ

ನವನಗರದಾಗ, ಝೆರಾಕ್ಸ್ ಅಂಗಡಿ ಮ್ಯಾಲ,
ಇರ್ಫಾನ್ ಬಾಗವಾನನ ಆಫೀಸು.
ಟೇಬಲ್ಲಿನ ಮ್ಯಾಲ ಅಂವ ಹಡಗು ಹಾಸಿದ:
ಹನ್ನೊಂದು ಅಂತಸ್ತು, ಒಂದೊಂದಕ್ಕೂ ಒಂದು ಬಣ್ಣ,
ಜೇನಹುಟ್ಟು ಸೀಳಿ ಇಟ್ಟಂಗ ಸಣ್ಣ ಸಣ್ಣ ಖೋಲಿ.

"ಒಳಗಿಂದು ಸೋವಿ, ಅಕ್ಕಾರ. ಕಿಟಕಿ ಇರೂದಿಲ್ಲ.
ಇದಕ್ಕ ಕಿಟಕಿ ಐತಿ, ತೆರಿಯೂದಿಲ್ಲ.
ಇದು ಬಾಲ್ಕನಿ. ತಲಿಗೆ ಹದಿನೆಂಟು ಸಾವಿರ ಜಾಸ್ತಿ."

ಭಿಶಿ ಎತ್ತಿದ ರೊಕ್ಕ ವೈನಿಯ ಚೀಲದಾಗಿತ್ತು.
ಅಕಿ ಅದನ್ನ ತೊಡಿಗೆ ಒತ್ತಿ ಹಿಡದು ಕುಂತಳು.
"ಕಣ್ಣು ಮುಚ್ಚಿದ ಮ್ಯಾಲ
ಸಮುದ್ರ ಆದರೇನು, ಹಿತ್ತಲ ಆದರೇನು, ಚಂದ್ರವ್ವಾ?"

ನನಗ ಬಾಲ್ಕನಿ ಅಂದರ
ಹಳೇ ಊರಿನ ಟಾಕೀಸು.
ನೆಲಕ್ಕ ಎಪ್ಪತ್ತೈದು ಪೈಸೆ, ಬೆಂಚಿಗೆ ಒಂದೂವರಿ,
ಮ್ಯಾಲ ಕೆಂಪು ರೆಕ್ಸಿನ್ ಕುರ್ಚಿಗೆ ಮೂರು ರೂಪಾಯಿ.
ಅಲ್ಲಿ ಅಪ್ಪ, ಮೂರು ಶೆಲ್ಲಿನ ಬ್ಯಾಟರಿ ಹಿಡಿದು,
ತಡಾ ಮಾಡಿ ಬಂದವರ ಕಾಲಮುಂದ
ಒಂದು ರೊಟ್ಟಿಯಷ್ಟು ಬೆಳಕು ಇಡತಿದ್ದ:
ಇತ್ತ ಬರ್ರಿ ಸಾಹೇಬ್ರ, ಇತ್ತ... ಮೆಟ್ಟಲ ಐತಿ, ಹುಷಾರು.
ಇಪ್ಪತ್ತಾರು ವರ್ಷ. ಒಂದಿನಾನೂ ಕುಂಡರಲಿಲ್ಲ.
ಕಥಿ ಹೇಳಪಾ ಅಂದರ
"ಬಾಗಲದಾಗ ನಿಂತವಗ ಅರ್ಧಾನ ತಿಳಿತೈತಿ" ಅಂತಿದ್ದ.
ನಾ ನೆಲದ ಮ್ಯಾಲ ಕುಂತು
ಪರದೆ ಬಿಟ್ಟು ಹಿಂದ ಹೊಳ್ಳಿ ನೋಡತಿದ್ದೆ.
ಬೆಳಕು ನಡಿಯೂದು ಕಾಣತಿತ್ತು,
ಅಪ್ಪ ಕಾಣತಿದ್ದಿಲ್ಲ.

ಆಮ್ಯಾಲ ಹಿನ್ನೀರು ಬಂತು.
ಮೊದಲ ಪರದೆ ಬಿಚ್ಚಿದರು, ಆಮ್ಯಾಲ ತಗಡು, ಕಡೀಕ ಕುರ್ಚಿ.
ಈಗಲ್ಲಿ ಮೀನು
ತಿಕೀಟ ಇಲ್ಲದನ ಮ್ಯಾಲಿನ ಕ್ಲಾಸಿಗೆ ಹೋಗತಾವೋ ಏನೋ.

ಇರ್ಫಾನನ ಪೆನ್ಸಿಲ್ಲು ಎಂಟನೇ ಅಂತಸ್ತಿಗೆ ಇಳೀತು.
"ಮುಂದಿಂದು ಬ್ಯಾಡ, ಜೋಲಿ ಹೊಡಿತೈತಿ.
ಇದರ ನೆತ್ತಿ ಮ್ಯಾಲ ಡ್ಯಾನ್ಸಿನ ಹಾಲು.
ಈ ಸಾಲಿನ ಮುಂದ ಜೀವ ಉಳಿಸೂ ದೋಣಿ ಜೋತುಬಿದ್ದಿರತಾವ,
ರೊಕ್ಕಾ ಕೊಟ್ಟು ದೋಣಿ ತಳಾ ನೋಡಬೇಕು.
ನಡುವಿಂದು ಹಿಡೀರಿ.
ಮುಂಬೈ ಬಿಟ್ಟು ಕೆಳಗ ಇಳಿಯೂ ಮುಂದ
ಎಡಕ್ಕ ದಂಡಿ, ಬಲಕ್ಕ ಹೊತ್ತು ಮುಳುಗೂದು. ಯಾವುದು?"

"ದಂಡಿ" ಅಂದಳು ವೈನಿ ಥಟ್ಟನ.
"ಏನರ ಆದರ ಕೂಗಾಕ ಒಂದು ಊರರ ಕಾಣಬೇಕು."
"ಅಷ್ಟು ದೂರ ಯಾರಿಗೆ ಕೇಳತೈತಿ?"
"ನೀ ದವಾಖಾನ್ಯಾಗ ಒದರಿದ್ದು
ಬಸ್ ಸ್ಟ್ಯಾಂಡಿಗೆ ಕೇಳತಿತ್ತಲ್ಲ?"

ಖರೆ ಐತಿ. ಹೆರಿಗಿ ವಾರ್ಡಿನಾಗ ಮೂವತ್ತೊಂದು ವರ್ಷ.
ಹಗಲೋ ರಾತ್ರಿಯೋ ತಿಳಿಯದ ಟ್ಯೂಬಲೈಟು,
ಫಿನೈಲು, ನೆತ್ತರ, ಎದಿ ಸೀಳೂ ಮೊದಲ ಅಳು.
ಹುಟ್ಟಿದ ಕೂಸಿಗೂ ತೋರಸಾಕ
ಒಂದು ಚೂರು ಆಕಾಶ ಇದ್ದಿಲ್ಲ ಅಲ್ಲಿ.
"ಕಿಟಕಿ ಇಲ್ಲದ ಖೋಲಿ ನನಗ ಸಾಕಾಗೈತಿ, ವೈನಿ."

ಅಕಿ ಸುಮ್ಮನಾದಳು.
ಫ್ಯಾನು ಹಡಗಿನ ಮೂಲಿ ಎತ್ತೆತ್ತಿ ಬಿಡತಿತ್ತು,
ಇರ್ಫಾನ್ ಅದರ ಮ್ಯಾಲ ಸ್ಟೇಪ್ಲರ್ ಇಟ್ಟ.

"ಕುರ್ಚಿ ಎಷ್ಟು ಅಲ್ಲಿ?"
"ಎರಡು."
"ಕೈ ಇದ್ದಾವೋ?"
"ಕೈ ಇದ್ದಾವು, ಅಮ್ಮಾರ. ಮತ್ತ ಎಡಕ್ಕ ಹಿಡದರ
ಹೊಳ್ಳಿ ಬರೂ ಮುಂದ ಹೊತ್ತು ಮುಳುಗೂದೂ ನಿಮಗ."
ವೈನಿ ರೊಕ್ಕ ಎರಡು ಸಲ ಎಣಿಸಿದಳು,
ಮೂರನೇ ಸಲ ನನ್ನ ಕಡಿಂದ ಎಣಿಸಿದಳು.

ಮೊನ್ನೆ ಸೂಟಕೇಸು ತುಂಬಿದ್ವಿ.
ಸಜ್ಜಿ ರೊಟ್ಟಿ ಒಳಗ ಬಿಡೂದಿಲ್ಲಂತ,
ಆದರೂ ನಾಕು, ಸೀರಿ ನಡುವ.
ಮಾತ್ರೆ, ಸ್ವೆಟರು, ಗುಂಡಾನ ಕನ್ನಡಿ.
ಕಪಾಟಿನ ಮ್ಯಾಲಿಂದ ಅಪ್ಪನ ಬ್ಯಾಟರಿ ಇಳಿಸಿ
ಜಂಗು ತಿಕ್ಕಿ, ಮೂರು ಹೊಸ ಶೆಲ್ಲು ಹಾಕಿದೆ.

"ಜಾತ್ರಿ ಹಂಗ ಲೈಟು ಇರತಾವಂತ ಅಲ್ಲಿ. ಇದ್ಯಾಕ?"

"ಯಾರರ ತಡಾ ಮಾಡಿ ಬಂದರ
ಕುರ್ಚಿ ತೋರಸಾಕ."

ವೈನಿ ಏನೂ ಅನಲಿಲ್ಲ.
ತನ್ನ ಸೀರಿ ಒಂದು ಹೊರಗ ತಗದು
ಅದಕ್ಕ ಜಾಗ ಮಾಡಿದಳು.