ಬಾಯಿ ಕಟ್ಟುವ ಡೈ

ಹ್ಯಾವರ್ ಊರಿನ ರೈಲು ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಲೇತು ತಿರುಗಿಸಿದವನು ನಾನು,
ಆರ್ವಿಡ್ ಟೋಲೆಫ್ಸನ್.
ಕೂದಲೆಳೆಯನ್ನು ಹತ್ತು ಸೀಳಿದರೆ ಒಂದು ಸೀಳು ಎಷ್ಟು ದಪ್ಪ,
ನನ್ನ ಬೆರಳ ತುದಿಗೇ ಗೊತ್ತು.
ಗೊತ್ತು ಅಂದುಕೊಂಡಿದ್ದೆ.

ನೆಲಮಾಳಿಗೆಯಲ್ಲಿ ಬೆಂಚು, ಬೆಂಚಿಗೆ ಕಚ್ಚಿ ಕೂತ ಪ್ರೆಸ್ಸು.
ಹೊರಗೆ ಕಿಟಕಿಯ ಅರ್ಧಕ್ಕೆ ಹಿಮ.
ಸಿಡಿದ ಹಿತ್ತಾಳೆ ಚಿಪ್ಪನ್ನು ತೊಳೆದು, ಹಿಂಡಿ ನೆಟ್ಟಗೆ ಮಾಡಿ,
ಮದ್ದು ಸುರಿದು, ಗುಂಡು ಕೂರಿಸಿ,
ಕಟ್ಟಕಡೆಗೆ ಬಾಯಿ ಕಟ್ಟಬೇಕು.

ಅಪ್ಪ ಕೊಟ್ಟು ಹೋದದ್ದು ತುಟಿ ಮಡಿಸುವ ಡೈ.
ಚಿಪ್ಪಿನ ಅಂಚನ್ನು ಒಳಕ್ಕೆ ಹೊರಳಿಸಿ
ಗುಂಡಿನ ಸೊಂಟದ ಗೀರಿಗೆ ಕಚ್ಚಿಸುತ್ತದೆ.
ನನ್ನ ರಿವಾಲ್ವರಿಗೆ ಅದೇ ಸರಿ:
ಒಂದು ಹೊಡೆದರೆ ಉಳಿದ ಐದೂ ಬೆಚ್ಚಿ ಬೀಳುತ್ತವೆ,
ಹಿಡಿತ ಸಡಿಲಿದರೆ ಗುಂಡು ಮೂತಿ ಹೊರಗಿಟ್ಟು
ಚಕ್ರಕ್ಕೇ ಅಡ್ಡಗಾಲು.
ಬಾಯಿ ಬಿಟ್ಟರೆ ಬಣ್ಣಗೇಡು, ಅಷ್ಟೇ.

ಮಗಳು ಸಿಗ್ನೆ ಪಂದ್ಯಕ್ಕೆ ಇಳಿದಳು,
ಚಪ್ಪಟೆ ಪಿಸ್ತೂಲು, ಹದಿನೇಳರ ಮ್ಯಾಗಜೀನು.
ಅವಳಿಗೂ ನಾನೇ ತುಂಬಿಸಿದೆ, ಅದೇ ಡೈ,
ಇನ್ನೊಂದು ಕಾಲು ಸುತ್ತು ಬಿಗಿಯಾಗಿ. ಮಗಳಲ್ಲವೇ.
ಡಬ್ಬಿಗೆ ಐವತ್ತು. ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ
ತಾರೀಕು, ಮದ್ದಿನ ತೂಕ, ಅವಳ ಹೆಸರು.

ಮೊನ್ನೆ ಅವಳ ಮನೆಯಲ್ಲಿ ಕೋಟು ತೂಗುಹಾಕಲು ಬೀರು ತೆರೆದೆ.
ಬೂಟುಗಳ ಹಿಂದೆ ನನ್ನ ಡಬ್ಬಿಗಳು,
ಒಂದರ ಮೇಲೊಂದು, ಎದೆಮಟ್ಟ.
ಒಂದೇ ಒಂದರ ಟೇಪು ಹರಿದಿತ್ತು.

'ಸಿಕ್ಕಿಹಾಕಿಕೊಳ್ತಿತ್ತು ಅಪ್ಪಾ' ಅಂದಳು, ಕಾಫಿಗೆ ಹಾಲು ಹಾಕುತ್ತಾ.
'ಮೂರನೇ ಸುತ್ತಿನಲ್ಲಿ, ಎಲ್ಲರ ಎದುರಿಗೆ.
ಆಮೇಲಿಂದ ಅಂಗಡೀದು ತಗೊಳ್ತೀನಿ.'
ಯಾವಾಗಿನಿಂದ?
'ಎರಡು ವರ್ಷ.'

ಎರಡು ವರ್ಷ! ಪ್ರತಿ ಭಾನುವಾರ ಊಟಕ್ಕೆ ಬಂದು
ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದಳು.

ಅಂಗಡಿಯ ಕಾರ್ಲೀನ್ ಮೂರು ಡೈ ತೆಗೆದು ಗಾಜಿನ ಮೇಲಿಟ್ಟಳು.
ಬೆಲೆ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದಳು:
'ನಿಮ್ಮ ತೋಟಾ ನಿಲ್ಲೋದು ಯಾವುದರ ಮೇಲೆ?'
ನಾನು ಅವಳ ಮುಖ ನೋಡಿದೆ.
'ರಿವಾಲ್ವರಿನದು ಬುಡದ ಅಂಚಿನಿಂದ ನೇತಾಡುತ್ತೆ.
ಇದು ನಿಲ್ಲೋದು ತನ್ನ ತುಟಿಯ ಮೇಲೆ.
ತುಟಿಯನ್ನೇ ಮಡಚಿದರೆ
ಪಾಪ, ಕಾಲೂರೋದು ಎಲ್ಲಿ?'
ಸಿಗ್ನೆ ಗೋಡೆಯ ಮೇಲಿನ ಮೀನುಗಾಳಗಳನ್ನು
ಎಣಿಸುವವಳ ಹಾಗೆ ನಿಂತಿದ್ದಳು.

ತಂದದ್ದು ಓರೆ ಒತ್ತುವ ಡೈ.
ಮಡಿಸುವುದಿಲ್ಲ, ಕಚ್ಚುವುದಿಲ್ಲ.
ಗುಂಡು ಕೂರಿಸಲೆಂದು ಅರಳಿಸಿದ ಬಾಯನ್ನು
ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ, ಅಷ್ಟೇ ಅದರ ಕೆಲಸ.
ಇಷ್ಟು ಸಾಕೇ ಎಂದು ನನ್ನ ಕೈ ಹಿಡಿಕೆಯನ್ನು ಇನ್ನೂ ಒತ್ತಲು ಹೋಯಿತು.
ಅವಳು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು.

ಪಿಸ್ತೂಲಿನ ನಳಿಗೆ ಬಿಚ್ಚಿ ನೆಟ್ಟಗೆ ಹಿಡಿದು
ತೋಟಾ ಒಳಗೆ ಬಿಟ್ಟಳು.
ಟಣ್.
ತಲೆಕೆಳಗು ಮಾಡಿದರೆ
ತಾನೇ ಜಾರಿ ಅಂಗೈಗೆ ಬಂತು.
ಅಂಥ ಸದ್ದು ನನ್ನ ಬೆಂಚಿನಲ್ಲಿ ಇದುವರೆಗೆ ಆಗಿರಲಿಲ್ಲ.

ಬೀರಿನ ಡಬ್ಬಿಗಳೆಲ್ಲ ಈಗ ನೆಲಮಾಳಿಗೆಯಲ್ಲಿ.
ಬಿಚ್ಚುವ ಸುತ್ತಿಗೆಯಲ್ಲಿ ಒಂದೊಂದೇ ಸಿಗಿಸಿ
ಮರದ ತುಂಡಿಗೆ ಬಡಿಯುತ್ತೇವೆ, ನಾಲ್ಕೈದು ಏಟಿಗೆ ಒಂದು,
ಅಷ್ಟು ಬಿಗಿದಿದ್ದೆ.
ಮದ್ದು ಒಂದು ಬಟ್ಟಲಿಗೆ, ಗುಂಡು ಇನ್ನೊಂದಕ್ಕೆ.
ಪ್ರತಿ ಗುಂಡಿನ ಕೊರಳಿಗೂ ಒಂದು ಉಂಗುರದ ಗಾಯ,
ತಾಮ್ರ ಹರಿದು ಸೀಸ ಕಾಣುವಷ್ಟು.

ಮುನ್ನೂರು ಮುಗಿದಿರಬೇಕು.
'ಇನ್ನೇನಾದರೂ ಇದೆಯಾ, ನನಗೆ ಹೇಳದೇ ಇಟ್ಟದ್ದು?'
ಸುತ್ತಿಗೆ ಎತ್ತಿದವಳು
ಎತ್ತಿದ ಕೈಯಲ್ಲೇ ಯೋಚಿಸಿದಳು.
'ಇದೆ. ಮೊದಲು ಈ ಡಬ್ಬಿ ಮುಗೀಲಿ' ಅಂದಳು.