ಒಂಬತ್ತು ಮುತ್ತು

ಗೊಂಡರಿನ ನಮ್ಮ ಓಣಿಯಲ್ಲಿ
ಬೆಳ್ಳಿಗೂ ದುಡ್ಡಿಗೂ ಒಂದೇ ಹೆಸರು, ಬಿರ್.
ಅಪ್ಪ ಗೊಬೆಜೆ ಬಿರ್ ಕರಗಿಸಿ ಬಿರ್ ಮಾಡುತ್ತಿದ್ದ.
ಹಗಲಲ್ಲಿ ಶಿಲುಬೆ ಕೆತ್ತುವವನು
ಇರುಳಲ್ಲಿ ಕತ್ತೆಕಿರುಬ ಆಗುತ್ತಾನೆ ಅಂತ
ಅದೇ ಓಣಿಯವರು ನಂಬಿದ್ದರು.
ಮಕ್ಕಳನ್ನು ಹೊದಿಕೆಯೊಳಗೆ ಮುಚ್ಚಿಕೊಂಡೇ
ಹೊಸಿಲಿನ ಆಚೆ ನಿಂತು ಮಾತಾಡುತ್ತಿದ್ದರು.

ಮಂತೆಗ್ಬೋಶ್ ಬಂದದ್ದು ಒಂದು ಉಪವಾಸದ ಬುಧವಾರ.
ಗಂಟು ಬಿಚ್ಚಿ ಏಳು ನಾಣ್ಯ ಸುರಿದಳು.
ಏಳರ ಮೇಲೂ ಅದೇ ದಪ್ಪ ಕೊರಳಿನ ಪರದೇಶಿ ರಾಣಿ,
ಏಳಕ್ಕೂ ಅದೇ ಇಸವಿ, ಸಾವಿರದ ಏಳುನೂರ ಎಂಬತ್ತು.
ಎಷ್ಟು ಕಾಲ ಅಚ್ಚು ಹಾಕಿದರೂ ಆ ಟಂಕಸಾಲೆಯಲ್ಲಿ
ಆ ವರ್ಷ ಮುಗಿಯುವುದೇ ಇಲ್ಲವಂತೆ.
"ಭುಜದ ಪದಕದಲ್ಲಿ ಒಂಬತ್ತು ಮುತ್ತು. ಎಣಿಸಿಯೇ ತಂದಿದ್ದೇನೆ.
ಮೊಮ್ಮಗಳ ಮದುವೆಗೆ ಒಂದು ಶಿಲುಬೆ,
ಮಿಕ್ಕಿದ್ದರಲ್ಲಿ ಕಾಲ್ಗಡಗ."

ನನಗಾಗ ಹತ್ತು ವರ್ಷ. ತಿದಿ ಒತ್ತುವುದು ನನ್ನ ಕೆಲಸ.
ಆರು ಪಾಲು ಮಾಡು, ಅನ್ನುತ್ತಿದ್ದ ಅಪ್ಪ,
ಐದು ಬೆಳ್ಳಿ, ಒಂದು ತಾಮ್ರ.
ತಾಮ್ರ ಯಾಕೆ, ಮೋಸವಾ?
ಅಲ್ಲ ಮಗಳೇ, ಬರೀ ಬೆಳ್ಳಿ ಬೆಣ್ಣೆ ಇದ್ದ ಹಾಗೆ.
ನಾಲ್ಕು ಸಂತೆ ಸುತ್ತುವಷ್ಟರಲ್ಲಿ
ರಾಣಿಗೆ ಮೂಗೇ ಇರುತ್ತಿರಲಿಲ್ಲ.

ಒಂದೊಂದನ್ನೇ ಕಲ್ಲಿನ ಮೇಲೆ ಬೀಳಿಸಿದ.
ಆರು ಕಣಿಲ್ ಅಂದವು, ಉಲಿ ಗಾಳಿಯಲ್ಲಿ ತುಸು ಹೊತ್ತು ನಿಂತಿತು.
ಏಳನೆಯದು ತಟ್ ಅಂದಿತು. ಅಷ್ಟೇ.
ಸೀಸ, ತವರ, ಮೇಲೆ ಬೆಳ್ಳಿಯ ಬೆವರು.
ಮುತ್ತು ಮಾತ್ರ ಒಂಬತ್ತೂ ಸರಿಯಾಗಿದ್ದವು.
ಅಪ್ಪ ಬಾಗಿಲ ಕಡೆ ನೋಡಿದ. ಅವಳು
ಬಿಸಿಲಲ್ಲಿ ನಿಂತು ಬೆರಳು ಮಡಿಸುತ್ತಿದ್ದಳು,
ಏನನ್ನೋ ಎಣಿಸುತ್ತ.

ಅಕ್ಕಸಾಲಿ ಅಕ್ಕನ ಬೆಳ್ಳಿಯನ್ನೂ ಬಿಡ, ಅನ್ನುತ್ತದಲ್ಲ ಲೋಕ.
ಅವನು ಚಾಪೆಯಡಿಯ ಡಬ್ಬಿ ತೆಗೆದು
ವರ್ಷವಿಡೀ ಗುಡಿಸಿ ಕೂಡಿಸಿದ್ದ ಅರದ ಪುಡಿಯನ್ನು
ಮೂಸೆಗೆ ಸುರಿದ.
"ನೋಡಬೇಡ, ಒತ್ತು" ಎಂದ ನನಗೆ.
ವಾರದ ಮೇಲೆ ಬಂದು ಅವಳು ತೂಗಿಸಿದಳು.
ಎರಡು ಸಲ ತೂಗಿಸಿದಳು.

ಈಗ ನನ್ನ ಕೈಚೀಲದಲ್ಲಿರುವ ಚಿಲ್ಲರೆ
ಉಕ್ಕು, ಮೇಲೆ ನಿಕಲ್ಲಿನ ತೆಳು ಪೊರೆ.
ಮೊಮ್ಮಗ ಅಯಸ್ಕಾಂತ ಹಿಡಿದರೆ
ಒಂದಕ್ಕೊಂದು ಕಚ್ಚಿಕೊಂಡು ನೇತಾಡುತ್ತದೆ.
ಬೆಳ್ಳಿ ಉಳಿದಿರುವುದು ಹೆಸರಿನಲ್ಲಿ.

ಅಪ್ಪನ ಕೈಗೆ ಬಂದ ರಾಣಿಯರೆಲ್ಲ ಕರಗಿ
ಯಾರ್ಯಾರದೋ ಎದೆಯ ಮೇಲೆ ಕಪ್ಪಾಗಿದ್ದಾರೆ.
ಮುಖ ಉಳಿದದ್ದು ಒಬ್ಬಳಿಗೇ.
ಅವಳು ನನ್ನ ಹತ್ತಿರ, ಗುಂಡಿ ಸೂಜಿಗಳ ಡಬ್ಬಿಯಲ್ಲಿ,
ಭುಜದ ಮೇಲೆ ಒಂಬತ್ತು ಮುತ್ತು.