ಎಂಟಲ್ಲ

ಶುವೈಖಿನ ಅಂಗಡಿಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ
ಫೋನು ಬಂತು. ಹೆಂಗಸಿನ ದನಿ, ಪಿಸುಮಾತು:
“ಫುರುನ್... ಖರ್ಬಾನ್...”
ಮುಂದಿನ ಅರಬ್ಬಿ ಸಿಗದೆ ತಡವರಿಸಿ
ತನಗೆ ತಾನೇ ಅಂದುಕೊಂಡಳು:
“ಥೂ, ಗಾಜಿಗೆ ಏನಂತಾರೋ.”

“ಗಾಜು ಅಂದರೆ ಸಾಕು,” ಅಂದೆ.

ಆ ಕಡೆ ಉಸಿರೇ ಇಲ್ಲ.
ಆಮೇಲೆ ಒಂದೇ ಸಮನೆ ಸುರಿದಳು:
ಕಾದ ಓವನ್ನಿಗೆ ಒದ್ದೆ ಬಟ್ಟೆ ಹಾಕಿಬಿಟ್ಟೆ ಅಣ್ಣಾ, ಟಪ್ ಅಂತು,
ಬಾಗಿಲ ಒಳಗಾಜು ಮೂಲೆಯಿಂದ ಮೂಲೆಗೆ.
ಮಾಮಾ ಖೈರಾನಿಗೆ ಹೋಗವ್ಳೆ, ಶನಿವಾರ ಬರ್ತಾಳೆ.
ನಿಮ್ಮ ಫೋನ್ ನಂಬ್ರ ಇದರ ಮಗ್ಗುಲಿಗೇ ಅಂಟಿಸಿತ್ತು.

“ಮಾಡೆಲ್ ನಂಬರ್ ಹೇಳಿ.”
“ಬೆಳ್ಳಗೈತೆ. ಮೇಲೆ ನಾಕು ಒಲೆ.”
“ಅದಲ್ಲ.”

ಹನ್ನೊಂದು ವರ್ಷದಿಂದ ನಾಲಿಗೆಗೆ ದಾರಿ ಗೊತ್ತು:
ಬಾಗಿಲು ತೆರೆದು ಚೌಕಟ್ಟಿನ ಎಡಗಡೆ ನೋಡಿ.
ಇಲ್ಲವೇ, ಟ್ರೇ ಇಡುವ ಕೆಳಗಿನ ಡ್ರಾಯರು ಪೂರ್ತಿ ಎಳೆದು
ನೆಲಕ್ಕೆ ಕೆನ್ನೆ ಹಚ್ಚಿ ಒಳಗೆ ಬೆಳಕು ಹಿಡಿಯಿರಿ.
ಬೆನ್ನಿಗೂ ಇರುತ್ತದೆ, ಆದರೆ ಎಳೆಯಬೇಡಿ, ಗ್ಯಾಸಿನ ಪೈಪು.
ಸಿಕ್ಕರೆ ಉಜ್ಜಬೇಡಿ. ಜಿಡ್ಡಿನ ಜೊತೆ ಅಕ್ಷರವೂ ಬರುತ್ತದೆ.
ಉಜ್ಜಿ ಉಜ್ಜಿ, ಕೊನೆಗೆ ಬರೀ ಬೆಳ್ಳಿಬಣ್ಣದ ಚೀಟಿ
ಹಿಡಿದುಕೊಂಡು ಬಂದವರಿದ್ದಾರೆ.

ಡ್ರಾಯರು ಕಿರ್ರೆಂದಿತು. ಏನೋ ಉರುಳಿಹೋಯಿತು.
ಅವಳ ದನಿ ಈಗ ನೆಲದಿಂದ, ತಗಡಿನೊಳಗಿಂದ:
“ಸಿಕ್ತು. ಅಂಕಿ ಬರ್ತೈತೆ ನಂಗೆ. ಇಂಗ್ಲಿಷ್ ಅಕ್ಷರ ಬರಲ್ಲ.”
“ಹೇಗಿದೆ, ಅದನ್ನೇ ಹೇಳಿ.”

“ಮೊದಲು ಬಾಚಣಿಗೆ. ಮೂರೇ ಹಲ್ಲು, ಬಲಕ್ಕೆ.”
ಇ, ಬರೆದುಕೊಂಡೆ.
“ಮೇಷ್ಟ್ರು ತಪ್ಪಿಗೆ ಹಾಕೋದು.”
ಎಕ್ಸ್.
“ಆರು. ಸೊನ್ನೆ.”
“ಸೊನ್ನೆಯೋ, ಓ ಅಕ್ಷರವೋ?”
“ಎಲ್ಡಕ್ಕೂ ಏನು ವ್ಯತ್ಯಾಸ? ಒಳಗೆ ಏನೂ ಇಲ್ಲ.”

“ಆಮೇಲೆ ಪಾತಾಳಗರಡಿದು ಒಂದೇ ಒಂದು ಕೊಕ್ಕೆ,
ಬಾವಿಗೆ ಬಿದ್ದ ಕೊಡ ಎತ್ತೋದು.”
ನಾನು ಗಂಗೊಳ್ಳಿಯವನು, ನನಗದು ಮೀನಿನ ಗಾಳ.
ಕಾಗದದ ಮೇಲೆ ಎರಡೂ ಜೆ.

“ಕೊನೇದು ಎಂಟು.”
ತಡೆದಳು.
“ಎಂಟಲ್ಲ ಅಣ್ಣಾ.
ಶಿಡ್ಲಘಟ್ಟದಾಗೆ ರೇಷ್ಮೆಗೂಡು ಆರಿಸೋ ಕೆಲಸ ಮಾಡ್ತಿದ್ದೆ.
ಬಿಳಿಗೂಡು ನಡುವಿಗೆ ಸಣ್ಣಕಿರ್ತೈತೆ, ಎಂಟರಂಗೆ.
ಚಂದ್ರಿಕೆಗೆ ಒತ್ತಿಕೊಂಡು ಕಟ್ಟಿದ್ರೆ
ಒಂದು ಮಗ್ಗುಲು ಚಪ್ಪಟೆ.
ಇದು ಅಂಥದ್ದು. ಎಡಗಡೆ ಚಪ್ಪಟೆ.”

ಬಿ-ಯನ್ನು ಎಂಟೆಂದು ಓದಿ, ತಪ್ಪು ಗಾಜು ಒಯ್ದು,
ವಾಪಸು ಬಂದು ನನ್ನೊಡನೆ ಜಗಳ ಕಾದವರಲ್ಲಿ
ಇಬ್ಬರು ಇಂಜಿನಿಯರು, ಒಬ್ಬ ಕಣ್ಣಿನ ಡಾಕ್ಟರು.

ಗಿರಾಕಿ ಇರಲಿಲ್ಲ, ಕೇಳಿದೆ:
“ಅಂಥ ಗೂಡು ಏನು ಮಾಡುತ್ತಿದ್ದಿರಿ?”
“ಬೇರೆ ಬುಟ್ಟಿಗೆ. ನೂಲು ಕೊನೇವರ್ಗೂ ಬರಲ್ಲ, ಕಡಿತೈತೆ.”

ಕಂಪನಿ ಆ ಮಾಡೆಲು ಮಾಡುವುದನ್ನೇ ಬಿಟ್ಟಿದೆ.
ಅಟ್ಟದಲ್ಲಿ ಒಂದೇ ಒಂದು ಗಾಜಿತ್ತು,
ಗುಜರಿಗೆ ಹೋದ ಯಾವುದೋ ಓವನ್ನಿನದು.
“ಹದಿನಾಲ್ಕು ದಿನಾರು.”
ಮಾತಿಲ್ಲ. ಎಣಿಸುತ್ತಿದ್ದಳೇನೋ.
“ಹನ್ನೆರಡು ಕೊಡಿ,” ಅಂದೆ.
“ಡ್ರೈವರ್ ಕೈಲಿ ಕಳಿಸ್ತೀನಿ, ಅವನು ಒಳ್ಳೆಯವ...”
ಎಲ್ಲೋ ಗೇಟಿನ ಸದ್ದು. ಫೋನು ಇಟ್ಟಳು.

ಒರೆಸಿ, ಪೇಪರು ಸುತ್ತಿ, ಕೌಂಟರಿನ ಹಿಂದೆ ನಿಲ್ಲಿಸಿದೆ.
ಹೆಸರು ಕೇಳಿರಲಿಲ್ಲ.
ಹೆಸರಿನ ಜಾಗದಲ್ಲಿ ಮಾಡೆಲ್ ನಂಬರನ್ನೇ ಬರೆದೆ.

ಶುಕ್ರವಾರ ಹೋಯಿತು.
ಶನಿವಾರ ಬೆಳಿಗ್ಗೆ ಆ ನಂಬರು ಒತ್ತಿದೆ.
ಬೇರೆ ದನಿ, ನಿದ್ದೆಗಣ್ಣಿನದು: “ಮಿನೂ?”
ಯಾರು ಅಂತ.
ಬಂದ ಹೊಸತರಲ್ಲಿ ಈ ಮಾತು ಕೇಳಿದಾಗೆಲ್ಲ
ಮೀನು ಬೇಕೇನೋ ಅಂದುಕೊಳ್ಳುತ್ತಿದ್ದೆ.
“ಗಲತ್,” ಅಂದು ಇಟ್ಟೆ.

ಈಗ ಫೋನಿನಲ್ಲಿ ಯಾರೇ ಎಂಟು ಅಂದರೂ
ಎಡಗಡೆ ನೋಡಿ ಅನ್ನುತ್ತೇನೆ,
ಉಬ್ಬಿದೆಯೋ, ಚಪ್ಪಟೆಯೋ?
ಕೆಲವರು ನಗುತ್ತಾರೆ. ನೋಡುತ್ತಾರೆ.

ಗಾಜು ಅಲ್ಲೇ ಇದೆ, ಸುತ್ತಿದ ಪೇಪರು ಹಳದಿಯಾಗಿದೆ.
ಮಾಲೀಕ ಎರಡು ಸಲ ಕೇಳಿದ.
ಮಾರಿಹೋಗಿದೆ, ಅಂದೆ.